ನವಣೆಯ ಜೀನ್ ನಕ್ಷೆ: ಕಂಪ್ಯೂಟರ್ ಆಮೇಲೆ, ಮೊದಲು ಹೊಲ

ಚಳ್ಳಕೆರೆಯ ಬೆದ್ದಲಿಗೂ ದಾವಣಗೆರೆಯ ಭದ್ರಾ ನಾಲೆ ಬಯಲಿಗೂ ಒಂದೇ ನವಣೆ ಒಗ್ಗುತ್ತಾ? ಯಾವ ಜೀನ್ ಎಲ್ಲಿ ಕೈಹಿಡಿಯುತ್ತದೆ ಅಂತ ತಿಳಿಯೋಕೆ ಜೀನ್ ನಕ್ಷೆ ಬೇಕು, ಅಂದರೆ ಯಾವ ಗುಣದ ಜೀನ್ ಡಿಎನ್‌ಎಯ ಯಾವ ಜಾಗದಲ್ಲಿದೆ ಅಂತ ತೋರಿಸುವ ನಕ್ಷೆ. ನಾನು ನೋಡಿದ ಹುಡುಗರು ಎಡವೋದು ಲ್ಯಾಬಿನಲ್ಲಲ್ಲ, ಹೊಲದಲ್ಲಿ.

ಮೊದಲು ಎರಡು ತಳಿ ಆರಿಸಿ. ಬೇಗ ತೆನೆ ಬಿಟ್ಟು ಬರ ತಾಳುವ ನಾಟಿ ಒಂದು, ತಡವಾದರೂ ಕಾಳು ಜಾಸ್ತಿ ಕೊಡುವುದು ಇನ್ನೊಂದು. ಎರಡೂ ಒಂದೇ ಥರ ಇದ್ದರೆ ಹುಡುಕೋಕೆ ಏನೂ ಇರಲ್ಲ.

ಆಮೇಲೆ ಸಂಕರ. ಹೂವು ತೀರಾ ಚಿಕ್ಕದು, ಕೈ ಪಳಗಿದವರ ಹತ್ತಿರ ಕಲಿಯಿರಿ. ಎರಡನೇ ತಲೆಮಾರಿನಿಂದ ಗಿಡಕ್ಕೊಂದೇ ಕಾಳು ಬಿತ್ತುತ್ತಾ ಆರನೇ ತಲೆಮಾರಿಗೆ ಬಂದರೆ 150-200 ಮರಿತಳಿ ಸಿಗುತ್ತವೆ.

ಮರಿತಳಿಗಳ ಎಲೆಯನ್ನು ಲ್ಯಾಬಿಗೆ ಕೊಟ್ಟು ಡಿಎನ್‌ಎ ಮಾರ್ಕರ್ ಓದಿಸಿ, ಅಂದರೆ ಡಿಎನ್‌ಎಯ ಯಾವ ತುಂಡು ಯಾವ ತಳಿಯಿಂದ ಬಂತು ಅಂತ ಹೇಳುವ ಗುರುತುಗಳನ್ನು. ನವಣೆಯ ಜೀನೋಮ್, ಅಂದರೆ ಡಿಎನ್‌ಎಯ ಪೂರ್ತಿ ಬರಹ, 2012ರಲ್ಲೇ ಪ್ರಕಟವಾಗಿದೆ, ಇದು ಬರೀ ದುಡ್ಡಿನ ಕೆಲಸ.

ಈಗ ಹೊಲ. ಚಳ್ಳಕೆರೆಯ ಕೆಂಪು ಮಣ್ಣು, ಹಿರಿಯೂರಿನ ಎರೆ, ದಾವಣಗೆರೆಯ ನೀರಾವರಿ, ಮೂರೂ ಕಡೆ ಅವೇ ಮರಿತಳಿಗಳನ್ನು ಬಿತ್ತಿ. ಒಂದೊಂದು ಕಡೆಯೂ ಪ್ರತಿ ಮರಿತಳಿಗೆ ಕನಿಷ್ಠ ಎರಡು ಮಡಿ, ಚೀಟಿ ಎತ್ತಿ ಬಂದ ಜಾಗದಲ್ಲಿ, ಹೀಗೆ ಎರಡು ವರ್ಷ. ಒಳ್ಳೆ ಮಣ್ಣಿರೋ ಮೂಲೆಯಲ್ಲಿ ನಿಮಗೆ ಇಷ್ಟವಾದದ್ದನ್ನು ಹಾಕಬೇಡಿ. ಅಂಚಿನ ಸಾಲು ಲೆಕ್ಕಕ್ಕಿಲ್ಲ. ಅರ್ಧ ಗಿಡಗಳಲ್ಲಿ ತೆನೆ ಹೊರಬಂದ ದಿನವನ್ನು ಅವತ್ತೇ ಬರೆಯಿರಿ, ವಾರಕ್ಕೊಮ್ಮೆ ಹೋಗಿ ಅಂದಾಜಿನಲ್ಲಿ ತುಂಬಿದರೆ ಅದು ಕಟ್ಟುಕಥೆ. ತೆನೆ ಹಾಲು ತುಂಬುವ ಮೊದಲೇ ಬಲೆ ಕಟ್ಟಿ. ಇಲ್ಲಾಂದ್ರೆ ನೀವು ತೂಗೋದು ಗುಬ್ಬಿ ಬಿಟ್ಟದ್ದನ್ನು. ಮಡಿಗೆ ಕಟ್ಟುವ ಹೆಸರಿನ ಚೀಟಿಗೆ ಸ್ಕೆಚ್ ಪೆನ್ ಬೇಡವೇ ಬೇಡ, ಪೆನ್ಸಿಲ್ಲೇ ಸರಿ. ಒಂದು ವರ್ಷ ಒಂದೇ ಮಳೆಗೆ ನನ್ನ ನಲವತ್ತು ಮಡಿಗಳ ಹೆಸರು ನೀಲಿ ಕಲೆಯಾಗಿ ಉಳಿದಿತ್ತು.

ಇನ್ನೊಂದು ಅಡ್ಡದಾರಿ ಇದೆ, ಹಿಡಿಯಬೇಡಿ: ಮೂರು ಊರಿನ ಇಳುವರಿ ಸೇರಿಸಿ ಸರಾಸರಿ ತೆಗೆಯೋದು. ಬಾರ್ಲಿ ನೋಡಿ. ಅದರ ಎರಡನೇ ಕ್ರೋಮೋಸೋಮಿನಲ್ಲಿ ಪಿಪಿಡಿ-ಎಚ್1 ಅಂತ ಒಂದು ಜೀನ್ ಇದೆ, ಹಗಲು ಉದ್ದವಾದಾಗ ಹೂ ಬಿಡಿಸೋದು ಅದರ ಕೆಲಸ. ಅದರ ಒಂದು ರೂಪ ಹೂವನ್ನು ತಡಮಾಡುತ್ತದೆ. ಬೇಸಿಗೆ ತಂಪಾಗಿರುವ ಉತ್ತರ ಯುರೋಪಿನಲ್ಲಿ ಅದರಿಂದ ಕಾಳು ಜಾಸ್ತಿ, ಬೇಗ ಒಣಗುವ ನೆಲದಲ್ಲಿ ನಷ್ಟ. ಎರಡನ್ನೂ ಕೂಡಿ ಭಾಗಿಸಿದರೆ ಜೀನೇ ಕಾಣಲ್ಲ. ಅದಕ್ಕೇ ಊರಿಗೊಂದು ನಕ್ಷೆ ಮಾಡಿ, ಪಕ್ಕಪಕ್ಕ ಇಟ್ಟು ನೋಡಿ.

ನಕ್ಷೆ ಹಾಕೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಒಂದು ಸಂಜೆ ಸಾಕು. ಮಾರ್ಕರ್‌ಗೂ ಹೊಲದ ಲೆಕ್ಕಕ್ಕೂ ನಂಟು ಕಂಡ ಜಾಗದಲ್ಲಿ ಅದು ಗುರುತು ಎಬ್ಬಿಸುತ್ತದೆ. ಎರಡೂ ವರ್ಷ ಒಂದೇ ಜಾಗದಲ್ಲಿ ಎದ್ದ ಗುರುತನ್ನು ಮಾತ್ರ ನಂಬಿ. ಮುಂದಿನ ಸಂಕರದಲ್ಲಿ ಎಳೆ ಸಸಿಯ ಎಲೆ ಚೂರು ನೋಡಿಯೇ ಬೇಕಾದ್ದನ್ನು ಉಳಿಸಿಕೊಳ್ಳಬಹುದು, ಚಳ್ಳಕೆರೆಗೆ ಒಂದು, ದಾವಣಗೆರೆಗೆ ಇನ್ನೊಂದು.