ಸರ್ಕಾರಿ ಕರಾರಿನ ಬಾಕಿ: ನ್ಯಾಯಾಲಯದಲ್ಲಿ ರುಜುವಾತುಪಡಿಸುವುದು ಹೇಗೆ?

ಸರ್ಕಾರಿ ಕಚೇರಿಗೆ ಬಾಡಿಗೆ ವಾಹನ ಒದಗಿಸಿದವರು ಬಿಲ್ಲು ಸಲ್ಲಿಸಿ ವರ್ಷ ಕಳೆದರೂ ‘ಅನುದಾನ ಬಂದಿಲ್ಲ’ ಎಂಬ ಉತ್ತರವನ್ನೇ ಕೇಳುತ್ತಿರುವುದುಂಟು. ದಾವೆಗೆ ಮುನ್ನ ಅವರು ಮೊದಲು ನೋಡಬೇಕಾದದ್ದು ಕರಾರು ಪತ್ರದ ಸಹಿಯನ್ನು. ಸಂವಿಧಾನದ 299ನೇ ವಿಧಿಯಂತೆ ರಾಜ್ಯ ಸರ್ಕಾರದ ಕರಾರು ರಾಜ್ಯಪಾಲರ ಹೆಸರಿನಲ್ಲಿದ್ದು, ಅಧಿಕಾರ ಪಡೆದ ಅಧಿಕಾರಿಯೇ ಅದಕ್ಕೆ ಸಹಿ ಹಾಕಿರಬೇಕು. ಇದರಲ್ಲಿ ಲೋಪವಿದ್ದರೂ ದಾರಿ ಮುಚ್ಚುವುದಿಲ್ಲ. ಪುಕ್ಕಟೆಯಾಗಿ ಮಾಡದ ಕೆಲಸದ ಪ್ರಯೋಜನವನ್ನು ಸರ್ಕಾರ ಪಡೆದಿದ್ದರೆ 1872ರ ಕರಾರು ಕಾಯ್ದೆಯ 70ನೇ ಕಲಮಿನಡಿ ಪರಿಹಾರ ಕೇಳಬಹುದೆಂದು ಬಿ.ಕೆ. ಮಂಡಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಎರಡನೆಯದು, ಸೇವೆ ಸಂದಿದೆ ಎಂಬುದರ ಪುರಾವೆ. ನನ್ನ ದೃಷ್ಟಿಯಲ್ಲಿ ದಾವೆಯ ಅಳಿವು ಉಳಿವು ಇರುವುದು ಇಲ್ಲಿಯೇ. ಕರಾರು ಪತ್ರವು ದರವನ್ನು ತೋರಿಸುತ್ತದೆಯೇ ಹೊರತು ವಾಹನ ಓಡಿತೆಂಬುದನ್ನಲ್ಲ. ಆದ್ದರಿಂದ ಪ್ರತಿ ತಿಂಗಳಿಗೂ ಅಧಿಕಾರಿಯ ಸಹಿಯಿರುವ ಲಾಗ್ ಬುಕ್ಕಿನ (ವಾಹನದ ಓಡಾಟ ದಾಖಲಿಸುವ ಪುಸ್ತಕದ) ಪುಟ, ಸೇವೆ ತೃಪ್ತಿಕರವೆಂಬ ದೃಢೀಕರಣ, ಕಚೇರಿಯ ಸ್ವೀಕೃತಿ ಮುದ್ರೆಯಿರುವ ಬಿಲ್ಲಿನ ಪ್ರತಿ, ಈ ಮೂರನ್ನೂ ಜೋಡಿಸಿ, ಬಂದ ಹಣ ಕಳೆದು ಉಳಿದ ಬಾಕಿಯ ಪಟ್ಟಿಯನ್ನು ಸಿದ್ಧಪಡಿಸಬೇಕು. ಲಾಗ್ ಬುಕ್ ಕಚೇರಿಯಲ್ಲೇ ಉಳಿದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ದೃಢೀಕೃತ ನಕಲು ಕೇಳಿ. ಉತ್ತರಕ್ಕೆ 30 ದಿನಗಳ ಅವಧಿಯಿದೆ. ವಾಟ್ಸ್ಆ್ಯಪ್ ಅಥವಾ ಇ-ಮೇಲ್ ಸೂಚನೆಗಳ ಮುದ್ರಿತ ಪ್ರತಿಯೊಂದಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವನ್ನೂ ಹಾಜರುಪಡಿಸಬೇಕಾಗುತ್ತದೆ.

ಕಾಲಮಿತಿಯ ವಿಷಯದಲ್ಲಿ ಉದಾಸೀನ ಸಲ್ಲದು. ಸಾಮಾನ್ಯವಾಗಿ ಇಂತಹ ಬಾಕಿಗೆ 3 ವರ್ಷಗಳ ಗಡುವು. ಎಷ್ಟು ಮನವಿಪತ್ರ ಬರೆದರೂ, ‘ಮುಂದಿನ ತಿಂಗಳು ಕೊಡುತ್ತೇವೆ’ ಎಂಬ ಬಾಯಿಮಾತು ಎಷ್ಟು ಸಿಕ್ಕರೂ ಅದು ಮುಂದಕ್ಕೆ ಹೋಗುವುದಿಲ್ಲ. ಗಡುವು ಮುಗಿಯುವ ಮೊದಲು ಬಾಕಿಯನ್ನು ಒಪ್ಪಿ ಇಲಾಖೆ ಸಹಿ ಮಾಡಿದ ಪತ್ರ ಸಿಕ್ಕರೆ ಹೊಸ ಎಣಿಕೆ ಆರಂಭವಾಗುತ್ತದೆ. ಇಷ್ಟು ಸಣ್ಣ ಸಂಗತಿ ತಿಳಿಯದೆ ನ್ಯಾಯವಾದ ಹಣ ಕಳೆದುಕೊಂಡವರನ್ನು ಕಂಡಾಗ ಸಂಕಟವಾಗುತ್ತದೆ.

ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತು (ವಿವಾದವನ್ನು ನ್ಯಾಯಾಲಯದ ಬದಲು ಮಧ್ಯಸ್ಥಗಾರರೇ ತೀರ್ಮಾನಿಸಬೇಕೆಂಬ ಷರತ್ತು) ಇಲ್ಲವೆಂಬುದನ್ನು ಖಚಿತಪಡಿಸಿಕೊಂಡು, ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಸರ್ಕಾರದ ಕಾರ್ಯದರ್ಶಿಗೆ ಅಥವಾ ಜಿಲ್ಲಾಧಿಕಾರಿಗೆ ನೋಟಿಸು ನೀಡಿ 2 ತಿಂಗಳು ಕಾಯಬೇಕು. ಆ ಅವಧಿಯು ಕಾಲಮಿತಿಯ ಲೆಕ್ಕಕ್ಕೆ ಸೇರುವುದಿಲ್ಲ. ದಾವೆಯಲ್ಲಿ ಪ್ರತಿವಾದಿಯಾಗಬೇಕಾದದ್ದು ಕರ್ನಾಟಕ ರಾಜ್ಯವೇ ಹೊರತು ಕಚೇರಿಯ ಹೆಸರಷ್ಟೇ ಸಾಲದು. ವಿವಾದವು ವಾಣಿಜ್ಯ ಸ್ವರೂಪದ್ದಾಗಿ 3 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನದಾದರೆ ವಾಣಿಜ್ಯ ನ್ಯಾಯಾಲಯಕ್ಕೆ ಹೋಗಬೇಕು. ಅಲ್ಲಿ ತುರ್ತು ಪರಿಹಾರ ಕೇಳದ ದಾವೆಗೆ ಮೊದಲು ಸಂಧಾನ ಕಡ್ಡಾಯ.

ವಿಚಾರಣೆಯಲ್ಲಿ ವಾಹನದ ಮಾಲೀಕರೇ ಸಾಕ್ಷಿ ನುಡಿದು, ಬಾಕಿಯ ಪಟ್ಟಿಯ ಒಂದೊಂದು ಸಾಲೂ ಯಾವ ನಿಶಾನೆಯ (ನ್ಯಾಯಾಲಯ ಗುರುತು ಹಾಕಿದ) ದಾಖಲೆಯಿಂದ ಬಂದಿತೆಂದು ಪಾಟೀಸವಾಲಿನಲ್ಲಿ ತೋರಿಸುವಂತಿರಬೇಕು. ಬಡ್ಡಿಯನ್ನು ವಾದಪತ್ರದಲ್ಲಿಯೇ ಕೇಳಿರಿ. ಡಿಕ್ರಿ ಬಂದ ಮೇಲೂ ಹಣ ಪಾವತಿಯಾಗದೆ 3 ತಿಂಗಳು ಕಳೆದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 82ನೇ ಕಲಮಿನ ಪ್ರಕಾರ ಅಮಲ್ಜಾರಿ (ಡಿಕ್ರಿ ಜಾರಿಗೊಳಿಸುವ) ಅರ್ಜಿ ಸಲ್ಲಿಸಬಹುದು.