ಲೆನ್ಸಿನ ಫಿಲ್ಟರ್: ತೋಟದಲ್ಲಿರಲಿ, ತೆಪ್ಪೋತ್ಸವದಲ್ಲಿ ಬೇಡ

ಮೊದಲ ಕ್ಯಾಮೆರಾ ಕೊಂಡ ದಿನ ಅಂಗಡಿಯವರು ನಾನು ಕೇಳುವ ಮೊದಲೇ 58 ಮಿ.ಮೀ. ಅಳತೆಯ, ಯುವಿ ಎಂದರೆ ನೇರಳಾತೀತ ಕಿರಣಗಳನ್ನು ತಡೆಯುವ ಗಾಜಿನ ಫಿಲ್ಟರೊಂದನ್ನು ಲೆನ್ಸಿನ ಮುಂದೆ ತಿರುಗಿಸಿ ಕೂರಿಸಿಕೊಟ್ಟಿದ್ದರು. ಅದನ್ನು ತೆಗೆಯಬಹುದೆಂಬ ಯೋಚನೆ ನನಗೆ ಬಂದದ್ದು ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯ ತೆಪ್ಪೋತ್ಸವದ ರಾತ್ರಿ. ತುಂಗೆಯ ಕಪ್ಪು ನೀರಿನ ಮೇಲೆ ತೆಪ್ಪದ ದೀಪಗಳು ಚೆನ್ನಾಗಿಯೇ ಮೂಡಿದ್ದವು. ಆದರೆ ಏನೂ ಇಲ್ಲದ ಆಕಾಶದಲ್ಲಿ ಅದೇ ದೀಪಗಳ ಹಸಿರು ಸಾಲೊಂದು ತಲೆಕೆಳಗಾಗಿ ತೇಲುತ್ತಿತ್ತು. ಫಿಲ್ಟರ್ ಕಳಚಿ ಮತ್ತೊಮ್ಮೆ ತೆಗೆದೆ. ಆ ಸಾಲು ಮಾಯವಾಗಿತ್ತು.

ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರಿಗೆ ಬಡಿದು ಹಿಂದಿರುಗುವ ಬೆಳಕು ಫಿಲ್ಟರಿನ ಚಪ್ಪಟೆ ಗಾಜಿಗೆ ತಾಗಿ ಮತ್ತೆ ಒಳಬರುವುದರಿಂದ ಈ ಭೂತದೀಪಗಳು ಚಿತ್ರದ ನಡುಬಿಂದುವಿನ ಆಚೆ ಬದಿಯಲ್ಲಿ ಹುಟ್ಟುತ್ತವೆ. ಪ್ರತಿಫಲನ ತಗ್ಗಿಸುವ ಲೇಪನವಿಲ್ಲದ ಗಾಜಿನ ಒಂದೊಂದು ಮೈಯೂ ಸುಮಾರು ಶೇ. 4ರಷ್ಟು ಬೆಳಕನ್ನು ಹಿಂದಕ್ಕಟ್ಟುತ್ತದೆ. ನನ್ನದು ಅಂಥದ್ದೇ ಅಗ್ಗದ ಗಾಜು. ಇನ್ನು ನೇರಳಾತೀತ ಕಿರಣಗಳ ಮಾತು ಫಿಲ್ಮ್ ರೀಲಿನ ಕಾಲದ್ದು. ಡಿಜಿಟಲ್ ಸೆನ್ಸರಿನ ಮುಂದೆ ಅವನ್ನು ತಡೆಯುವ ಪದರ ಮೊದಲೇ ಇರುತ್ತದೆ.

ಅಂದಿನಿಂದ ಬರಿ ಲೆನ್ಸಿಗೆ ಹುಡ್ (ಲೆನ್ಸಿನ ಮುಂದೆ ಚಾಚಿಕೊಳ್ಳುವ ಬಳೆಯಂಥ ಮರೆ) ಹಾಕಿಕೊಂಡು ಓಡಾಡಿದೆ. ಬಂಡೆಗೋ ಬಾಗಿಲಿಗೋ ತಾಗುವ ಪೆಟ್ಟಿಗೆ ಹುಡ್ಡೇ ಉತ್ತಮ ಎಂದು ಈಗಲೂ ನಂಬಿದ್ದೇನೆ, ಏಕೆಂದರೆ ತೆಳುವಾದ ಫಿಲ್ಟರ್ ಗಾಜು ಲೆನ್ಸಿಗೆ ಏನೂ ಆಗದಂಥ ಪೆಟ್ಟಿಗೂ ಒಡೆಯುತ್ತದೆ.

ನನ್ನ ಹಟ ಸಡಿಲಿಸಿದ್ದು ಮರುವರ್ಷದ ಮಳೆಗಾಲ. ನೆಂಟರ ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವುದನ್ನು ಚಿತ್ರಿಸಲು ಮರದ ಬುಡದಿಂದ ಮೇಲ್ಮುಖವಾಗಿ ಕ್ಯಾಮೆರಾ ಹಿಡಿದು ನಿಂತಿದ್ದಾಗ, ಅಡಿಕೆ ಗೊನೆಗೆ ಬಡಿದ ಬೋರ್ಡೋ ದ್ರಾವಣ ಹನಿಹನಿಯಾಗಿ ಲೆನ್ಸಿನ ಮೇಲೇ ಇಳಿಯಿತು. ಮೈಲುತುತ್ತು ಮತ್ತು ಸುಣ್ಣದ ಆ ದ್ರಾವಣ, ಮಲೆನಾಡಿನ ಮಳೆಯಲ್ಲೂ ತೊಳೆದುಹೋಗದೆ ಕಾಯಿಗೆ ಅಂಟಿಕೊಂಡಿರಲೆಂದೇ ಮಾಡಿದ್ದು. ಲೆನ್ಸಿಗೆ ವಿನಾಯಿತಿ ಕೊಡಲಿಲ್ಲ. ಮನೆ ತಲುಪುವ ಹೊತ್ತಿಗೆ ಒಣಗಿ ತಿಳಿನೀಲಿ ಚುಕ್ಕೆಗಳಾಗಿದ್ದವು. ಒರೆಸಿದರೆ ಸುಣ್ಣದ ಕಣ ಲೇಪನವನ್ನು ಗೀರುತ್ತದೆಂದು ತಿಳಿದೂ ಒಂದು ಚುಕ್ಕೆಯನ್ನು ಉಜ್ಜಿಬಿಟ್ಟೆ. ಕೂದಲೆಳೆಯಷ್ಟು ಸಣ್ಣ ಗೀರು ಇಂದಿಗೂ ಇದೆ. ಚಿತ್ರದಲ್ಲಿ ಅದು ಕಾಣದು, ನನಗೆ ಮಾತ್ರ ಕಾಣುತ್ತದೆ.

ಆಮೇಲೆ ಬಹುಪದರ ಲೇಪನವಿರುವ ಬಣ್ಣರಹಿತ ಫಿಲ್ಟರೊಂದನ್ನು ಕೊಂಡೆ. ಔಷಧಿ ಹೊಡೆಯುವಾಗ, ಜೋಗದ ತುಂತುರಿನೆದುರು, ಬೇಸಿಗೆಯ ಕೆಮ್ಮಣ್ಣಿನ ದೂಳಿನಲ್ಲಿ ಅದನ್ನು ಹಾಕುತ್ತೇನೆ. ಕೊಳೆಯಾದರೆ ಕಳಚಿ ನಲ್ಲಿ ನೀರಿನಲ್ಲಿ ಹನಿ ಸೋಪು ಹಾಕಿ ತೊಳೆಯಬಹುದು, ಲೆನ್ಸನ್ನು ಹಾಗೆ ತೊಳೆಯಲಾದೀತೇ? ದೀಪಗಳೆದುರು ಮತ್ತು ಸೂರ್ಯಾಸ್ತಕ್ಕೆ ಮುಖಮಾಡಿದಾಗ ಮಾತ್ರ ತಪ್ಪದೆ ತೆಗೆಯುತ್ತೇನೆ.

ಮಳೆಗಾಲದಲ್ಲಿ ರಾತ್ರಿ ಅದನ್ನು ಲೆನ್ಸಿನ ಮೇಲೆಯೇ ಬಿಡುವುದಿಲ್ಲ. ಒಮ್ಮೆ ಆಷಾಢವಿಡೀ ಬಿಟ್ಟಿದ್ದಕ್ಕೆ ಎರಡು ಗಾಜುಗಳ ನಡುವೆ ತೇವ ನಿಂತು ಫಿಲ್ಟರಿನ ಒಳಮೈಯಲ್ಲಿ ಜೇಡರ ಬಲೆಯಂಥ ಬೂಷ್ಟು ಹಬ್ಬಿತ್ತು. ಎರಡನ್ನೂ ಬೇರೆಬೇರೆಯಾಗಿ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡುತ್ತೇನೆ. ಫಿಲ್ಟರ್ ಬಿಗಿದುಕೊಂಡು ಬಿಡದಿದ್ದರೆ ಬೆರಳುಗಳಿಂದ ಒತ್ತಿ ಹಿಡಿಯಬಾರದು, ಉಂಗುರ ಅಂಡಾಕಾರವಾಗಿ ಮತ್ತಷ್ಟು ಕಚ್ಚಿಕೊಳ್ಳುತ್ತದೆ. ಅಂಚಿನ ಸುತ್ತ ಅಗಲವಾದ ರಬ್ಬರ್ ಬ್ಯಾಂಡ್ ಹಾಕಿ ಅಂಗೈಯಿಂದ ಹಗುರವಾಗಿ ತಿರುಗಿಸಿದರೆ ಬಿಟ್ಟುಕೊಡುತ್ತದೆ.