ರಸ್ತೆ ಅಪಘಾತದ ಪರಿಹಾರ: ಯಾವ ಕಾಗದ, ಯಾವ ಕೋರ್ಟು, ಎಷ್ಟು ಹಣ

ಗಾಯಾಳುವನ್ನು ಆಸ್ಪತ್ರೆಗೆ ಕರೆತಂದವರು ಗಾಬರಿಯಲ್ಲಿ ‘ಬೈಕಿಂದ ಬಿದ್ದುಬಿಟ್ರು’ ಅಂದುಬಿಡುತ್ತಾರೆ. ಡ್ಯೂಟಿ ಡಾಕ್ಟರು ಪೊಲೀಸ್ ಕೇಸಾಗಬಹುದಾದ ಗಾಯಗಳನ್ನು ದಾಖಲಿಸುವ ಎಂಎಲ್‌ಸಿ ರಿಜಿಸ್ಟರಿನಲ್ಲಿ ‘ಸೆಲ್ಫ್ ಫಾಲ್’ ಎಂದು ಬರೆದುಕೊಳ್ಳುತ್ತಾರೆ. ಮುಂದೆ ಕೇಸು ನಡೆಯುವಾಗ ವಿಮಾ ಕಂಪನಿಯ ವಕೀಲರು ಮೊದಲು ತರಿಸುವುದೇ ಆ ರಿಜಿಸ್ಟರನ್ನು. ಹಾಗಾಗಿ ಕ್ಯಾಷುಯಾಲ್ಟಿಯಲ್ಲಿ ಹೇಳಬೇಕಾದ್ದು ಇಷ್ಟು: ಯಾವ ವಾಹನ, ಯಾವ ಕಡೆಯಿಂದ ಬಂದು ಗುದ್ದಿತು, ಎಲ್ಲಿ, ಎಷ್ಟು ಗಂಟೆಗೆ. ನಂಬರ್ ಗೊತ್ತಿದ್ದರೆ ಅದೂ ದಾಖಲಾಗಲಿ. ಬರೆದದ್ದನ್ನು ಓದಿಸಿ ಕೇಳಿ. ತಪ್ಪಿದ್ದರೆ ಅಲ್ಲೇ ತಿದ್ದಿಸಿ. ಡಿಸ್ಚಾರ್ಜ್ ಸಮ್ಮರಿ ಬಂದ ಮೇಲೆ ತಿದ್ದಿಸಲು ಹೋದರೆ ಅನುಮಾನ ಹೆಚ್ಚುತ್ತದೆ.

ಪೊಲೀಸ್ ದೂರನ್ನು ಅದೇ ದಿನ ಅಥವಾ ಮರುದಿನ ಕೊಡಿ. ತಡವಾದರೆ ಕಾರಣವನ್ನು ದೂರಿನಲ್ಲೇ ಬರೆಯಿರಿ: ಗಾಯಾಳು ಐಸಿಯುನಲ್ಲಿದ್ದರು, ಜೊತೆಗೆ ಬೇರೆ ಯಾರೂ ಇರಲಿಲ್ಲ ಎಂಬಂತೆ. ಕಾರಣವಿಲ್ಲದ ತಡವನ್ನು ‘ಆಮೇಲೆ ಕಟ್ಟಿದ ಕಥೆ’ ಎಂದು ವಾದಿಸುತ್ತಾರೆ. ಠಾಣೆಯಲ್ಲಿ ದೂರು ದಾಖಲಿಸದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(4)ನೇ ಕಲಂ ಪ್ರಕಾರ ಎಸ್‌ಪಿಗೆ ಅಂಚೆಯಲ್ಲಿ ದೂರು ಕಳಿಸಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು.

ಗುದ್ದಿದ ವಾಹನದ ಪತ್ತೆಯಿಲ್ಲವೆಂದು ಪರಿಚಯದವರ, ವಿಮೆಯಿರುವ ಗಾಡಿಯ ನಂಬರ್ ಬರೆಸುವ ಸಲಹೆ ಕೊಡುವವರು ಸಿಗುತ್ತಾರೆ. ಕೇಳಬೇಡಿ. ಸಿಕ್ಕಿಬಿದ್ದರೆ ಪರಿಹಾರ ಹೋಗುವುದಲ್ಲದೆ ಕ್ರಿಮಿನಲ್ ಕೇಸೂ ಆಗುತ್ತದೆ. ಹಿಟ್ ಅಂಡ್ ರನ್‌ಗೆ ಬೇರೆ ದಾರಿಯೇ ಇದೆ: 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 50,000. ಅರ್ಜಿ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿಗೆ.

ನಂತರ ಕಾಗದ ಕೂಡಿಸುವ ಕೆಲಸ. ಎಫ್‌ಐಆರ್ ಮತ್ತು ದೂರು, ಸ್ಪಾಟ್ ಮಹಜರು, ಸ್ಕೆಚ್, ವಾಹನ ತಪಾಸಣೆಯ ಐಎಂವಿ ವರದಿ, ವೂಂಡ್ ಸರ್ಟಿಫಿಕೇಟ್, ಚಾರ್ಜ್‌ಶೀಟ್ ಬೇಕು. ಸಾವಾಗಿದ್ದರೆ ಶವತನಿಖೆ ಮತ್ತು ಮರಣೋತ್ತರ ಪರೀಕ್ಷೆಯ ವರದಿಯೂ ಸೇರುತ್ತದೆ. 2022ರ ನಿಯಮಗಳ ಪ್ರಕಾರ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ 90 ದಿನದೊಳಗೆ ವಿವರ ವರದಿಯನ್ನೂ ಅಪಘಾತ ಪರಿಹಾರದ ಕೇಸು ನಡೆಸುವ ನ್ಯಾಯಮಂಡಳಿಗೆ ಕೊಡಬೇಕು. ಅದೇ ತಾನಾಗಿ ಆಗುತ್ತದೆಂದು ಕೂರಬೇಡಿ, ಠಾಣೆಗೆ ಹೋಗಿ ಪ್ರತಿ ಕೇಳಿ.

ಅರ್ಜಿ ಹಾಕುವುದು ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಅಡಿ. ಅಪಘಾತವಾದ ಊರಿನಲ್ಲೇ ಹಾಕಬೇಕೆಂದೇನಿಲ್ಲ. ಹೊಸೂರಿನ ಬಳಿ ಅಪಘಾತವಾಗಿದ್ದರೂ ನೀವು ಹಾಸನದವರಾದರೆ ಹಾಸನದಲ್ಲೇ ಹಾಕಬಹುದು. ಬೆಂಗಳೂರಿನಲ್ಲಿ ಇವು ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ ನಡೆಯುತ್ತವೆ. ಅವಧಿ ಅಪಘಾತದ ದಿನದಿಂದ 6 ತಿಂಗಳು. ಈ ಮಿತಿ ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನೆಗೊಳಗಾಗಿದೆ ನಿಜ, ಅದನ್ನು ನಂಬಿಕೊಂಡು ತಡಮಾಡುವುದು ಬೇಡ. ಚಾಲಕ, ಮಾಲೀಕ, ವಿಮಾ ಕಂಪನಿ ಮೂವರನ್ನೂ ಪ್ರತಿವಾದಿ ಮಾಡುವುದು ಒಳ್ಳೆಯದು. ಕೆಎಸ್‌ಆರ್‌ಟಿಸಿ ಬಸ್ಸಾದರೆ ನಿಗಮವೇ ಹಣ ಕಟ್ಟಬೇಕಾದ ಪ್ರತಿವಾದಿ.

ಮೊತ್ತ ನಿರ್ಧಾರವಾಗುವುದಕ್ಕೆ ಸೂತ್ರವಿದೆ, ಮರುಕದ ಮೇಲೆ ನಡೆಯುವುದಿಲ್ಲ. ತೀರಿಕೊಂಡವರು 34 ವರ್ಷದ ಬಡಗಿ, ತಿಂಗಳಿಗೆ 18,000 ದುಡಿಮೆ, ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವರನ್ನೇ ನೆಚ್ಚಿದ್ದರು ಎಂದುಕೊಳ್ಳಿ. ಸ್ವಂತ ದುಡಿಮೆಯವರು 40ರ ಒಳಗಿದ್ದರೆ ಭವಿಷ್ಯದ ಏರಿಕೆಗೆ ಶೇ 40 ಸೇರಿಸಬೇಕು: 25,200. ಅವಲಂಬಿತರು ನಾಲ್ವರು, ಆದ್ದರಿಂದ ಮೃತರ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದರೆ 18,900. ವರ್ಷಕ್ಕೆ 2,26,800. 31ರಿಂದ 35 ವಯಸ್ಸಿಗೆ ಗುಣಕ (ವರ್ಷದ ಮೊತ್ತವನ್ನು ಗುಣಿಸುವ ಸಂಖ್ಯೆ) 16, ಅಂದರೆ 36,28,800. ಇದರ ಮೇಲೆ ಅಂತ್ಯಕ್ರಿಯೆಗೆ 15,000, ಮೃತರು ಕೂಡಿಡಬಹುದಾಗಿದ್ದ ಆಸ್ತಿಯ ನಷ್ಟಕ್ಕೆ 15,000, ಸಾಂಗತ್ಯ (ಒಡನಾಟ) ನಷ್ಟಕ್ಕೆ 40,000 ಎಂದು ಸುಪ್ರೀಂ ಕೋರ್ಟಿನ 2017ರ ಪ್ರಣಯ್ ಸೇಥಿ ತೀರ್ಪು ನಿಗದಿ ಮಾಡಿದೆ. ಈ ಮೂರಕ್ಕೂ ಮೂರು ವರ್ಷಕ್ಕೊಮ್ಮೆ ಶೇ 10 ಏರಿಕೆ.

ಲೆಕ್ಕವೆಲ್ಲ ನಿಂತಿರುವುದು ಆ 18,000ದ ಮೇಲೆ. ಬ್ಯಾಂಕ್ ಪಾಸ್‌ಬುಕ್, ಐಟಿ ರಿಟರ್ನ್, ಫೋನ್‌ಪೇ ವಹಿವಾಟು, ಪಹಣಿ, ಹಾಲಿನ ಡೈರಿಯ ಪುಸ್ತಕ ಯಾವುದಾದರೂ ಕೊಡಿ. ಸಂಬಳದ ಪತ್ರ ಕೊಟ್ಟವರು ಸಾಕ್ಷಿ ಹೇಳಲು ಬರದಿದ್ದರೆ ಆ ಪತ್ರದ ತೂಕ ಬಹಳ ಕಡಿಮೆ. ಪುರಾವೆಯೇ ಇಲ್ಲದಿದ್ದರೆ ಕೋರ್ಟು ಆಯಾ ವರ್ಷದ ಅಂದಾಜು ಆದಾಯ ಹಿಡಿಯುತ್ತದೆ, ಅದು ಸಾಮಾನ್ಯವಾಗಿ ನಿಜದ ದುಡಿಮೆಗಿಂತ ಕಡಿಮೆಯೇ.

ಗಾಯದ ಕೇಸಿನಲ್ಲಿ ಎಡವುವುದು ಅಂಗವೈಕಲ್ಯದ ಶೇಕಡಾವಾರಿನಲ್ಲಿ. ವೈದ್ಯರು ಕಾಲಿಗೆ ಶೇ 30 ಎಂದು ಬರೆದರೆ ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಶೇ 10ರಷ್ಟನ್ನೇ ಹಿಡಿಯುವ ರೂಢಿಯಿದೆ. ಆದರೆ ಸುಪ್ರೀಂ ಕೋರ್ಟಿನ 2011ರ ರಾಜ್‌ಕುಮಾರ್ ತೀರ್ಪಿನಂತೆ ನೋಡಬೇಕಾದ್ದು ದುಡಿಮೆಗೆ ಬಿದ್ದ ಪೆಟ್ಟನ್ನು. ಕಾಲು ಮಡಚಲಾಗದ ಲಾರಿ ಚಾಲಕನ ನಷ್ಟ ಬೇರೆ, ಅದೇ ಗಾಯದ ಗುಮಾಸ್ತನ ನಷ್ಟ ಬೇರೆ. ಆದ್ದರಿಂದ ಚಿಕಿತ್ಸೆ ಕೊಟ್ಟ ವೈದ್ಯರನ್ನೇ ಸಾಕ್ಷಿಗೆ ಕರೆಸಿ, ನಿಮ್ಮ ಕೆಲಸ ಏನೆಂದು ಅವರಿಗೆ ಮೊದಲೇ ತಿಳಿಸಿ. ಬಿಲ್ಲುಗಳ ಮೂಲಪ್ರತಿ ನಿಮ್ಮಲ್ಲಿರಲಿ. ಔಷಧಿ ಬಿಲ್ಲಿಗೆ ವೈದ್ಯರ ಚೀಟಿಯೂ ಜೊತೆಗಿರಬೇಕು.

ಪಾಲಿಸಿಯನ್ನು ಒಮ್ಮೆ ಓದಿಸಿ. ಥರ್ಡ್ ಪಾರ್ಟಿ ಮಾತ್ರದ ಪಾಲಿಸಿಯಲ್ಲಿ ಅದೇ ಬೈಕಿನ ಹಿಂಬದಿ ಸವಾರರಿಗೆ ರಕ್ಷಣೆ ಇರುವುದಿಲ್ಲ. ಮದುವೆ ದಿಬ್ಬಣವೆಂದು ಗೂಡ್ಸ್ ಟೆಂಪೊ ಹತ್ತಿದವರದ್ದೂ ಇದೇ ಪಾಡು: ಸರಕು ವಾಹನದಲ್ಲಿ ಬಿಟ್ಟಿ ಪ್ರಯಾಣಿಕರಾಗಿ ಕೂತವರ ಹೊಣೆ ವಿಮಾ ಕಂಪನಿಗಿಲ್ಲವೆಂದು ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ, ಮಾಲೀಕರಿಂದಲೇ ವಸೂಲಿ ಮಾಡಬೇಕು. ಚಾಲಕನಿಗೆ ಲೈಸೆನ್ಸ್ ಇಲ್ಲದಿದ್ದರೆ ಅಷ್ಟು ಹೆದರಬೇಕಿಲ್ಲ. ಅಂಥ ಕೇಸುಗಳಲ್ಲಿ ಕಂಪನಿ ಮೊದಲು ಸಂತ್ರಸ್ತರಿಗೆ ಕೊಟ್ಟು ನಂತರ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ ಎಂಬ ಆದೇಶ ಸಾಮಾನ್ಯ.

ಲೋಕ ಅದಾಲತ್‌ನಲ್ಲಿ ರಾಜಿಗೆ ಕರೆದಾಗ ಮೇಲಿನ ಲೆಕ್ಕ ಕೈಯಲ್ಲಿರಲಿ, ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ. ಬಂದ ಹಣದಲ್ಲಿ ಇಷ್ಟು ಪಾಲು ಎಂದು ವಕೀಲರು ಫೀಸು ಕೇಳುವುದನ್ನು ಬಾರ್ ಕೌನ್ಸಿಲ್ ನಿಯಮ ನಿಷೇಧಿಸಿದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ತಾಲ್ಲೂಕು ಕಾನೂನು ಸೇವಾ ಸಮಿತಿ ಉಚಿತ ವಕೀಲರನ್ನು ಕೊಡುತ್ತದೆ. ಅವಾರ್ಡ್ (ನ್ಯಾಯಮಂಡಳಿ ಕೊಡಿಸಿದ ಮೊತ್ತ) ಕಡಿಮೆಯಾಯಿತು ಅನ್ನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಹೋಗಬೇಕು, ವ್ಯಾಜ್ಯದ ಮೊತ್ತ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಆ ದಾರಿಯೂ ಇಲ್ಲ. ಹಣದ ಒಂದು ಭಾಗವನ್ನು, ಮುಖ್ಯವಾಗಿ ಮಕ್ಕಳ ಪಾಲನ್ನು, ಕೋರ್ಟು ಎಫ್‌ಡಿಯಲ್ಲಿ ಇಡಿಸುತ್ತದೆ. ಚಿಕಿತ್ಸೆಗೋ ಓದಿಗೋ ನಡುವೆ ಬೇಕಾದರೆ ಖರ್ಚಿನ ದಾಖಲೆಯೊಂದಿಗೆ ಅದೇ ನ್ಯಾಯಮಂಡಳಿಗೆ ಅರ್ಜಿ ಹಾಕಿ ಅನುಮತಿ ಪಡೆಯಬೇಕು.